ಸಾವಿರ ಗ್ರಹಗಳಲ್ಲಿ ಒಂದೇ ಕೆಲಸ

ಮಂಗಳೂರಿನ ಪಿಲಿಕುಳದಲ್ಲಿ ಸ್ವಾಮಿ ವಿವೇಕಾನಂದ ತಾರಾಲಯ ತೆರೆದದ್ದು 2018ರಲ್ಲಿ. ಅದರ 18 ಮೀಟರಿನ ಗುಮ್ಮಟದ ಕೆಳಗೆ ಒರಗಿ ಕುಳಿತು ನಕ್ಷತ್ರ ನೋಡಿ ಬಂದ ಮಕ್ಕಳಿಗೆ ಎಷ್ಟೋ ದಿನ ಆಕಾಶದ ಗುಂಗು ಬಿಡುವುದಿಲ್ಲ. ಆಟಿ ತಿಂಗಳ ಮಳೆ ಜೋರಾಗಿ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟ ದಿನ ಅವರಲ್ಲಿ ಕೆಲವರು ಕಂಪ್ಯೂಟರಿನ ಮುಂದೆ ಕುಳಿತು ಬಾಹ್ಯಾಕಾಶದ ಆಟದಲ್ಲಿ ಇನ್ನೊಂದು ಆಕಾಶಕ್ಕೆ ಏರುತ್ತಾರೆ. ಮೊದಲ ವಾರ ಬಾಯ್ತುಂಬ ವರ್ಣನೆ. ತಿಂಗಳಾಗುವಷ್ಟರಲ್ಲಿ ಅದೇ ಮಕ್ಕಳು, "ಬೋರ್ ಆಯ್ತು, ಎಲ್ಲ ಮಿಷನ್ನೂ ಒಂದೇ ಥರ" ಎನ್ನುತ್ತಾರೆ.

ಈ ದೂರನ್ನು ಹಿರಿಯರು ಹಗುರವಾಗಿ ತಳ್ಳಿಹಾಕುವುದುಂಟು. ನನಗೆ ಅದು ಒಳ್ಳೆಯ ವಿಮರ್ಶೆಯ ಮೊದಲ ಮಾತಾಗಿ ಕೇಳಿಸುತ್ತದೆ. ವಿಡಿಯೋ ಗೇಮ್ ಎಂದರೇನೆಂದು ಗೊತ್ತಿಲ್ಲದ ಅಪ್ಪ ಅಮ್ಮಂದಿರಿಗೆ, ಈಗಷ್ಟೇ ಆಡಲು ಶುರುಮಾಡಿದ ವಿದ್ಯಾರ್ಥಿಗಳಿಗೆ ಆ ಮಾತಿನ ಒಳಗೇನಿದೆ ಎಂದು ನಿಧಾನವಾಗಿ ಬಿಡಿಸಿ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಬಾಹ್ಯಾಕಾಶದ ಆಟದಲ್ಲಿ ನಿಮಗೊಂದು ಹಡಗು ಸಿಗುತ್ತದೆ. ಆಟ ನಿಮಗೊಂದು ಕೆಲಸ ಒಪ್ಪಿಸುತ್ತದೆ: ಈ ಸರಕನ್ನು ಆ ನಿಲ್ದಾಣಕ್ಕೆ ತಲುಪಿಸು, ಆ ಕಡಲ್ಗಳ್ಳನಂಥವನನ್ನು ಹಿಡಿ, ಈ ಗ್ರಹದ ಕಲ್ಲುಮಣ್ಣಿನ ಲೆಕ್ಕ ತಾ. ಇದೇ ಮಿಷನ್. ಮುಗಿಸಿದರೆ ಹಣ, ಹಣ ಕೂಡಿಟ್ಟರೆ ಇನ್ನೂ ಒಳ್ಳೆಯ ಹಡಗು, ಒಳ್ಳೆಯ ಹಡಗಿದ್ದರೆ ಇನ್ನೂ ದೂರದ ನಕ್ಷತ್ರ. ಕೆಲಸದ ನಡುವೆ ಆಟ ನಿಮ್ಮನ್ನು ನಿಲ್ಲಿಸಿ "ಹೀಗೆ ಮಾಡುತ್ತೀಯೋ, ಹಾಗೆ ಮಾಡುತ್ತೀಯೋ" ಎಂದು ಕೇಳಿದರೆ ಅದು ಆಯ್ಕೆ. ನೀವು ಕೊಟ್ಟ ಉತ್ತರದಿಂದ ಮುಂದೆ ಏನಾದರೂ ಬದಲಾದರೆ ಆ ಆಯ್ಕೆಗೆ ಅರ್ಥವಿದೆ. ಏನೂ ಬದಲಾಗದಿದ್ದರೆ ಅದು ಬರೇ ಗುಂಡಿ ಒತ್ತುವ ಕೆಲಸ.

ಒಂದು ಮಿಷನ್ ಹುಟ್ಟುವ ಬಗೆಯನ್ನು ಹತ್ತಿರದಿಂದ ನೋಡೋಣ. ಹೆಚ್ಚಿನವನ್ನು ಯಾರೂ ಕುಳಿತು ಬರೆದಿರುವುದಿಲ್ಲ. ಪ್ರೋಗ್ರಾಮಿನೊಳಗೆ ಬಿಟ್ಟ ಸ್ಥಳ ತುಂಬುವ ಒಂದು ವಾಕ್ಯವಿರುತ್ತದೆ: "____ ಗ್ರಹದ ____ ಠಾಣೆಯನ್ನು ____ ಹಿಡಿದಿದ್ದಾರೆ. ಅವರ ನಾಯಕನನ್ನು ಮುಗಿಸಿ ಬಂದರೆ ____ ಕ್ರೆಡಿಟ್." ಕಂಪ್ಯೂಟರ್ ಪಟ್ಟಿಯಿಂದ ಒಂದು ಗ್ರಹದ ಹೆಸರು, ಒಂದು ಠಾಣೆ, ಒಂದು ದರೋಡೆ ತಂಡ, ಒಂದು ಮೊತ್ತವನ್ನು ಎತ್ತಿ ತುಂಬುತ್ತದೆ. ನೀವು ಅದನ್ನು ಮುಗಿಸಿದ ಕೂಡಲೇ ಇನ್ನೊಂದನ್ನು ತುಂಬಿ ಕೊಡುತ್ತದೆ. ಹೀಗೆ ಎಷ್ಟು ಬೇಕಾದರೂ ಹುಟ್ಟಿಸಬಹುದು, ಖರ್ಚಿಲ್ಲ. ಆಡುವವರಿಗೆ ಮೊದಲ ಮೂರು ನಾಲ್ಕು ಸಲ ಗೊತ್ತಾಗುವುದಿಲ್ಲ. ಆಮೇಲೆ ಬಿಟ್ಟ ಸ್ಥಳಗಳೇ ಕಣ್ಣಿಗೆ ರಾಚತೊಡಗುತ್ತವೆ.

ಇದು ಹೊಸ ಸಮಸ್ಯೆಯಲ್ಲ. 1984ರಲ್ಲಿ ಇಂಗ್ಲೆಂಡಿನಲ್ಲಿ ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್ ಎಂಬ ಇಬ್ಬರು ಯುವಕರು 'ಎಲೀಟ್' ಎಂಬ ಆಟ ಮಾಡಿದರು. ಅದು ಓಡುತ್ತಿದ್ದ ಬಿಬಿಸಿ ಮೈಕ್ರೋ ಕಂಪ್ಯೂಟರಿಗೆ ಇದ್ದದ್ದು 32 ಕಿಲೋಬೈಟ್ ಮೆಮೊರಿ. ಇವತ್ತು ವಾಟ್ಸ್ಆ್ಯಪಿನಲ್ಲಿ ಬರುವ ಒಂದು ಫೋಟೋ ಕೂಡ ಅದಕ್ಕಿಂತ ದೊಡ್ಡದು. ಅಷ್ಟರೊಳಗೆ ಗ್ರಹಗಳ ಪಟ್ಟಿ ಇಡಲಾಗದು. ಹಾಗಾಗಿ ಅವರು ಪಟ್ಟಿಯ ಬದಲು ಒಂದು ಸೂತ್ರ ಇಟ್ಟರು. ಸೂತ್ರಕ್ಕೊಂದು ಸಂಖ್ಯೆ ಕೊಟ್ಟರೆ ಗ್ರಹದ ಹೆಸರು, ಅಲ್ಲಿನ ಆಡಳಿತ, ಅಲ್ಲಿನ ಮಾರುಕಟ್ಟೆ ಎಲ್ಲ ಅದರಿಂದಲೇ ಹೊರಬರುತ್ತಿತ್ತು. ಆ ಸೂತ್ರಕ್ಕೆ ಸುಮಾರು 282 ಲಕ್ಷ ಕೋಟಿ ಗ್ಯಾಲಕ್ಸಿಗಳನ್ನು ಹುಟ್ಟಿಸುವ ಶಕ್ತಿಯಿತ್ತು. ಪ್ರಕಾಶಕರಾದ ಏಕಾರ್ನ್‌ಸಾಫ್ಟ್‌ನವರು ಬೇಡವೆಂದರು. ಅಷ್ಟು ಕೊಟ್ಟರೆ ಎಲ್ಲ ಒಂದೇ ಲೆಕ್ಕದಿಂದ ಬಂದದ್ದೆಂದು ಆಡುವವರಿಗೆ ಗೊತ್ತಾಗಿಬಿಡುತ್ತದೆ ಎಂಬುದು ಅವರ ಅಂಜಿಕೆ. ಕೊನೆಗೆ ಉಳಿದದ್ದು ಎಂಟು ಗ್ಯಾಲಕ್ಸಿ, ಒಂದೊಂದರಲ್ಲಿ 256 ಗ್ರಹ. ಜಾಗ ಹೆಚ್ಚಾದಂತೆ ಬೇಸರವೂ ಹೆಚ್ಚುತ್ತದೆಂದು ಅಂದೇ ಕಂಡುಕೊಂಡ ಆ ಪ್ರಕಾಶಕರ ವಿವೇಕಕ್ಕೆ ನಾನು ತಲೆಬಾಗುತ್ತೇನೆ.

ಮುಂದಿನವರು ಆ ವಿವೇಕವನ್ನು ಮರೆತರು. 2016ರ ಆಗಸ್ಟಿನಲ್ಲಿ ಇಂಗ್ಲೆಂಡಿನದೇ ಹೆಲೋ ಗೇಮ್ಸ್ ಎಂಬ ಪುಟ್ಟ ಸಂಸ್ಥೆ 'ನೋ ಮ್ಯಾನ್ಸ್ ಸ್ಕೈ' ತಂದಿತು. ಅದರ ಗ್ರಹಗಳ ಲೆಕ್ಕ 2ರ 64ನೇ ಘಾತ, ಅಂದರೆ 18ರ ಮುಂದೆ 18 ಸೊನ್ನೆ ಬರೆದರೆ ಸುಮಾರು ಎಷ್ಟೋ ಅಷ್ಟು. ಗ್ರಹಕ್ಕೊಂದು ಸೆಕೆಂಡಿನಂತೆ ನೋಡುತ್ತ ಹೋದರೂ 58 ಸಾವಿರ ಕೋಟಿ ವರ್ಷ ಸಾಲದು. ಆಟ ಕೈಗೆ ಬಂದಾಗ ಜನ ದಂಗಾದರು, ಕೆಲವೇ ದಿನಗಳಲ್ಲಿ ನಿರಾಶರಾದರು. ಒಂದು ಗ್ರಹದ ಹುಲ್ಲು ಕೆಂಪು, ಇನ್ನೊಂದರದು ನೀಲಿ. ಮಾಡುವ ಕೆಲಸ ಮಾತ್ರ ಎಲ್ಲ ಕಡೆಯೂ ಅದೇ ಅಗೆಯುವುದು, ಅದೇ ಕೂಡಿಡುವುದು. ಆ ಸಂಸ್ಥೆ ಕೈಬಿಡಲಿಲ್ಲ. ವರ್ಷವರ್ಷವೂ ಉಚಿತವಾಗಿ ಹೊಸದನ್ನು ಸೇರಿಸುತ್ತ ಬಂದು ಆಟವನ್ನು ಬಹಳಷ್ಟು ಸುಧಾರಿಸಿದೆ. ಅದನ್ನು ಹೇಳದೆ ಹೋದರೆ ಅನ್ಯಾಯವಾಗುತ್ತದೆ.

ಇನ್ನು 'ಸ್ಟಾರ್‌ಫೀಲ್ಡ್'. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತು. ಸರಿಯಾಗಿ ಎರಡು ವಾರಕ್ಕೆ, ಸೆಪ್ಟೆಂಬರ್ 6ರಂದು, ಅಮೆರಿಕದ ಬೆಥೆಸ್ಡಾ ಸಂಸ್ಥೆಯ ಈ ಆಟ ಬಿಡುಗಡೆಯಾಯಿತು. ನಮ್ಮ ಮಕ್ಕಳ ಮನಸ್ಸು ಆಕಾಶದಲ್ಲೇ ಇದ್ದ ಹೊತ್ತು ಅದು. ಸಾವಿರಕ್ಕೂ ಹೆಚ್ಚು ಗ್ರಹಗಳಿವೆ ಎಂಬುದು ಅದರ ದೊಡ್ಡ ಪ್ರಚಾರ. ಗ್ರಹಗಳೇನೋ ಇವೆ. ಆದರೆ ಅವುಗಳ ಮೇಲೆ ಸಿಗುವ ಕಟ್ಟಡಗಳು ಮೊದಲೇ ಕಟ್ಟಿಟ್ಟ ಕೆಲವು ಮಾದರಿಗಳು. ಪಾಳುಬಿದ್ದ ಒಂದು ಶೀತ ಪ್ರಯೋಗಾಲಯವನ್ನು ನೀವೊಂದು ಗ್ರಹದಲ್ಲಿ ಶೋಧಿಸಿ ಬಂದಿರುತ್ತೀರಿ. ಬೇರೊಂದು ನಕ್ಷತ್ರದ ಬೇರೊಂದು ಗ್ರಹದಲ್ಲಿ ಇಳಿದು ಬಾಗಿಲು ತೆರೆದರೆ ಅದೇ ಪ್ರಯೋಗಾಲಯ, ಅದೇ ಮೊಗಸಾಲೆ, ಅದೇ ತಿರುವು. ವಿಶೇಷ ಶಕ್ತಿ ಕೊಡುವ ಗುಡಿಗಳೂ ಹಾಗೆಯೇ. ಶಕ್ತಿಗಳು 24, ಪ್ರತಿ ಗುಡಿಯೊಳಗೂ ತೂಕವಿಲ್ಲದೆ ತೇಲುತ್ತ ಬೆಳಕಿನ ಚುಕ್ಕಿಗಳನ್ನು ಮುಟ್ಟುವ ಅದೇ ಪರೀಕ್ಷೆ. ಮೊದಲ ಸಲ ರೋಮಾಂಚನ, ಹತ್ತನೆಯ ಸಲ ಮನಸ್ಸು ಎಲ್ಲೋ ಇರುತ್ತದೆ.

ಹಾಗಾದರೆ ತಪ್ಪು ಪುನರಾವರ್ತನೆಯದೇ? ಅಲ್ಲ ಎಂದು ಹೇಳಲು ಮಂಗಳೂರಿನವರಿಗಿಂತ ಒಳ್ಳೆಯ ಸಾಕ್ಷಿ ಯಾರಿದ್ದಾರೆ? ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ಇಲ್ಲಿ ವೇಷವಿಲ್ಲದೆ ಕುಳಿತು ಮಾತಿನಲ್ಲೇ ಕಥೆ ನಡೆಸುವ ತಾಳಮದ್ದಳೆ ನಡೆಯುತ್ತದೆ. ವಾಲಿಯ ಪ್ರಸಂಗ ಎಷ್ಟು ಸಲ ಆಗಿಲ್ಲ! ಕಥೆ ಸಭೆಗೆಲ್ಲ ಗೊತ್ತು. ಮರೆಯಲ್ಲಿ ನಿಂತ ರಾಮನ ಬಾಣ ನಾಟಿಯಾಗಿದೆ, ವಾಲಿ ಬದುಕುವುದಿಲ್ಲ. ಆದರೂ ಜನ ರಾತ್ರಿ ನಿದ್ದೆಗೆಟ್ಟು ಕೂರುತ್ತಾರೆ. ಯಾಕೆಂದರೆ ವಾಲಿ ಇಂದು ರಾಮನನ್ನು ಏನು ಕೇಳುತ್ತಾನೆ ಎಂಬುದು ಯಾರಿಗೂ ಗೊತ್ತಿಲ್ಲ, ಎದುರು ಕುಳಿತು ರಾಮನಾಗಿ ಮಾತಾಡುವ ಅರ್ಥಧಾರಿಗೂ ಗೊತ್ತಿಲ್ಲ. ಕೇಳಿದ ಪ್ರಶ್ನೆಗೆ ಅವರು ಅಲ್ಲೇ ಉತ್ತರ ಹುಡುಕಬೇಕು. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದ ಹಿರಿಯರು ಅದನ್ನು ಇಂದಿಗೂ ನೆನೆಯುವುದು ಈ ಕಾರಣಕ್ಕೆ. ಅಂತ್ಯ ಬದಲಾಗಲಿಲ್ಲ. ಆಡಿದ ಮಾತಿಗೆ ಎದುರಿನವರು ಉತ್ತರಿಸಲೇಬೇಕಾಯಿತು, ಅಷ್ಟೇ ಸಾಕಾಯಿತು.

ಅರ್ಥವಿರುವ ಆಯ್ಕೆ ಎಂದಾಗ ಕಥೆಗೆ ಹತ್ತು ಬೇರೆ ಬೇರೆ ಅಂತ್ಯ ಇರಬೇಕೆಂದು ಅನೇಕರು ತಿಳಿಯುತ್ತಾರೆ. ಬೇಕಿಲ್ಲ. ಆಡುವವರ ಮಾತಿಗೆ, ಕೆಲಸಕ್ಕೆ ಆಟ ಉತ್ತರ ಕೊಡಬೇಕು. ನಾನು ಮಾಡಿದ್ದು ಅದಕ್ಕೆ ನೆನಪಿರಬೇಕು.

ಇದನ್ನು ಸ್ಟಾರ್‌ಫೀಲ್ಡಿನ ಒಂದು ಘಟನೆಯಲ್ಲಿ ನೋಡಿ. ಆಟದಲ್ಲಿ ನನಗೆ ತುಂಬ ಹಿಡಿಸಿದ ಕಲ್ಪನೆ ಅದು. ಅದಕ್ಕೇ ನೋವೂ ಜಾಸ್ತಿ. ಪೊರಿಮಾ ಎಂಬ ನಕ್ಷತ್ರದ ಎರಡನೆಯ ಗ್ರಹದಲ್ಲಿ 'ಪ್ಯಾರಡೈಸೋ' ಎಂಬ ಶ್ರೀಮಂತರ ವಿಹಾರಧಾಮವಿದೆ. ಅದರ ಮೇಲೆ ಆಕಾಶದಲ್ಲಿ ಅಪರಿಚಿತ ಹಡಗೊಂದು ಬಂದು ನಿಂತಿದೆ, ಮಾತಿಗೆ ಸಿಗುತ್ತಿಲ್ಲ. ನೀವು ಹೋಗಿ ನೋಡಿದರೆ ಒಳಗಿರುವವರು ಮನುಷ್ಯರೇ. ಇನ್ನೂರು ವರ್ಷದ ಹಿಂದೆ, ವೇಗವಾಗಿ ಹಾರುವ ಎಂಜಿನ್ ಬರುವ ಮೊದಲು, ಅವರ ಪೂರ್ವಿಕರು ಭೂಮಿ ಬಿಟ್ಟು ಹೊರಟಿದ್ದರು. ಹಡಗಿನಲ್ಲೇ ಹುಟ್ಟಿ ಹಡಗಿನಲ್ಲೇ ಸತ್ತ ತಲೆಮಾರುಗಳ ಕೊನೆಗೆ ಇವರು ತಮಗೆಂದು ಗೊತ್ತುಮಾಡಿದ್ದ ಗ್ರಹ ತಲುಪಿದ್ದಾರೆ. ಅಷ್ಟರಲ್ಲಿ ಹೊಸ ಎಂಜಿನ್ನಿನವರು ಹಿಂದಿನಿಂದ ಬಂದು ಮುಂದೆ ಹೋಗಿ ಅಲ್ಲಿ ಹೋಟೆಲು ಕಟ್ಟಿಯಾಗಿದೆ.

ಎಂಥ ಸಂಧಿ ಇದು! ನೆಲ ಯಾರದು, ಮೊದಲು ಹೊರಟವರದೋ ಮೊದಲು ತಲುಪಿದವರದೋ? ಕಾರ್ಖಾನೆಗಾಗಿ, ರಸ್ತೆಗಾಗಿ ಮನೆಮಠ ಬಿಟ್ಟವರನ್ನು ಕಂಡ ಕರಾವಳಿಯ ಯಾರಿಗೂ ಈ ಪ್ರಶ್ನೆ ಅಪರಿಚಿತವಲ್ಲ. ಆಟ ಕೊಡುವ ದಾರಿಗಳು ಮೂರು: ಬಂದವರನ್ನು ವಿಹಾರಧಾಮದಲ್ಲಿ ಕರಾರಿನ ಕೂಲಿಗಳಾಗಿ ದುಡಿಯಲು ಒಪ್ಪಿಸುವುದು, ನಿಮ್ಮ ದುಡ್ಡಿನಿಂದ ಹೊಸ ಎಂಜಿನ್ ಹಾಕಿಸಿ ಬೇರೆಲ್ಲಿಗೋ ಕಳಿಸುವುದು, ಇಲ್ಲವೇ ಅವರ ಹಡಗನ್ನೇ ಸ್ಫೋಟಿಸುವುದು. ವಿಹಾರಧಾಮ ಇರುವುದು ಒಂದು ಕಡಲತೀರದಲ್ಲಿ. ಮಿಕ್ಕ ಇಡೀ ಗ್ರಹ ಖಾಲಿ. ಆಚೆ ದಡದಲ್ಲಿ ಅವರನ್ನು ಇಳಿಸುವ ದಾರಿ ಇಲ್ಲ. ಮಾಲೀಕರನ್ನು ಮಣಿಸುವ, ಅಧಿಕಾರದಿಂದ ಇಳಿಸುವ ದಾರಿಯೂ ಇಲ್ಲ. ಹತ್ತು ವರ್ಷದ ಮಗುವೂ ಕೇಳುವ ಪ್ರಶ್ನೆಗೆ ಆಟದ ಒಳಗೆ ಬಾಗಿಲಿಲ್ಲ. ಮೂರು ಆಯ್ಕೆ ಕೊಟ್ಟೂ ಆಡುವವರ ಬಾಯಿ ಕಟ್ಟಿದ ಹಾಗಾಯಿತು. ವಾಲಿಗೆ ಮಾತೇ ಕೊಡದೆ ಬಾಣ ಬಿಟ್ಟು ಮಂಗಳ ಹಾಡಿದಂತೆ.

ತಯಾರಕರಿಗೂ ಅವರದೇ ಕಷ್ಟಗಳಿವೆ, ಅದನ್ನೂ ಕೇಳಬೇಕು. ಒಂದು ಕಥೆಯಲ್ಲಿ ಹತ್ತು ಕಡೆ ಎರಡೆರಡು ಆಯ್ಕೆ ಇಟ್ಟು, ಪ್ರತಿ ಆಯ್ಕೆಗೂ ನಿಜವಾಗಿ ಬೇರೆ ದಾರಿ ಮಾಡಿದರೆ 1024 ಕಥೆಗಳಾಗುತ್ತವೆ. ಪ್ರತಿಯೊಂದಕ್ಕೂ ಚಿತ್ರ, ಧ್ವನಿ, ಸಂಭಾಷಣೆ ಬೇಕು. ಆಡುವವರು ಕಾಣುವುದು ಅವುಗಳಲ್ಲಿ ಒಂದನ್ನು. ಕೋಟಿಗಟ್ಟಲೆ ಸುರಿದು ಯಾರೂ ನೋಡದ ದೃಶ್ಯ ಮಾಡಲು ಸಂಸ್ಥೆಗಳು ಹಿಂಜರಿಯುತ್ತವೆ. ಹಾಗಾಗಿ ಕವಲೊಡೆದ ದಾರಿಯನ್ನು ಸ್ವಲ್ಪ ದೂರದಲ್ಲೇ ಮತ್ತೆ ಕೂಡಿಸಿಬಿಡುತ್ತಾರೆ. ಆಟ ಎಷ್ಟು ಗಂಟೆ ಓಡುತ್ತದೆ ಎಂಬುದನ್ನೇ ಗುಣವೆಂದು ಮಾರುವುದರಿಂದ ಬಿಟ್ಟ ಸ್ಥಳ ತುಂಬಿದ ಮಿಷನ್ನುಗಳಿಂದ ಗಂಟೆ ಬೆಳೆಸುತ್ತಾರೆ. ಕಷ್ಟ ಅರ್ಥವಾಗುತ್ತದೆ. ಆದರೂ ಗಂಟೆ ಬೆಳೆಸುವ ಚಟವನ್ನು ನಾನು ಒಪ್ಪಲಾರೆ. ಅದು ಮಕ್ಕಳ ಸಮಯವನ್ನು ತಿನ್ನುತ್ತದೆ.

ಬೇರೆ ದಾರಿ ಹಿಡಿದವರಿದ್ದಾರೆ. 1990ರ 'ವಿಂಗ್ ಕಮಾಂಡರ್' ಆಟದಲ್ಲಿ ಯುದ್ಧದಲ್ಲಿ ಸೋತರೆ ಆಟ ಮುಗಿಯುತ್ತಿರಲಿಲ್ಲ. ಸೈನ್ಯ ಹಿಂದೆ ಸರಿಯುತ್ತಿತ್ತು, ಮುಂದಿನ ಕಾಳಗ ಬೇರೆ ಕಡೆ ನಡೆಯುತ್ತಿತ್ತು. ಜೊತೆಗೆ ಹಾರುತ್ತಿದ್ದ ಸಂಗಾತಿ ಸತ್ತರೆ ಅಂತ್ಯಸಂಸ್ಕಾರ ನಡೆಯುತ್ತಿತ್ತು, ಅವರು ಮತ್ತೆ ಬರುತ್ತಿರಲಿಲ್ಲ. 2007ರಲ್ಲಿ ಶುರುವಾದ ಕೆನಡಾದ 'ಮಾಸ್ ಎಫೆಕ್ಟ್' ಸರಣಿ ಒಂದು ಆಟದಲ್ಲಿ ಮಾಡಿದ್ದನ್ನು ಮುಂದಿನ ಆಟಕ್ಕೂ ಒಯ್ದಿತು. ಮೊದಲ ಭಾಗದಲ್ಲಿ ವರ್ಮೈರ್ ಎಂಬ ಗ್ರಹದ ಮೇಲೆ ಇಬ್ಬರು ಸಂಗಾತಿಗಳಲ್ಲಿ ಒಬ್ಬರನ್ನಷ್ಟೇ ಉಳಿಸಬಹುದು; ಉಳಿದವರು ಮುಂದಿನ ಭಾಗಗಳಲ್ಲಿ ಎದುರು ನಿಂತು ಮಾತಾಡುತ್ತಾರೆ. ಅದೇ ಸರಣಿಯ ಮೂರನೆಯ ಭಾಗ 2012ರಲ್ಲಿ ಬಂದಾಗ ಕೊನೆಯ ಆಯ್ಕೆಗಳ ಫಲ ಬಣ್ಣದ ವ್ಯತ್ಯಾಸದಷ್ಟೇ ಎಂದು ಅಭಿಮಾನಿಗಳು ಸಿಟ್ಟಾದರು. ಸಂಸ್ಥೆ ಆ ಜೂನ್ ತಿಂಗಳಲ್ಲಿ ಅಂತ್ಯವನ್ನು ಹಿಗ್ಗಿಸಿ ಉಚಿತವಾಗಿ ಕೊಡಬೇಕಾಯಿತು. ನೆನಪಿಟ್ಟುಕೊಳ್ಳುತ್ತೇನೆಂದು ಮಾತು ಕೊಟ್ಟ ಆಟ ಮರೆತರೆ ಜನ ಸಹಿಸುವುದಿಲ್ಲ.

ಹೊಸಬರು ಮೊದಲು ಆಡಬೇಕಾದದ್ದು ಯಾವುದೆಂದು ಕೇಳಿದರೆ ನನ್ನ ಉತ್ತರ 'ಎಫ್‌ಟಿಎಲ್'. 2012ರಲ್ಲಿ ಜಸ್ಟಿನ್ ಮಾ, ಮ್ಯಾಥ್ಯೂ ಡೇವಿಸ್ ಎಂಬ ಇಬ್ಬರು ಮಾಡಿದ ಸಣ್ಣ ಆಟ. ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಹಡಗನ್ನು ಮೇಲಿನಿಂದ ನೋಡುತ್ತೀರಿ, ಮನೆಯ ನಕ್ಷೆಯ ಹಾಗೆ ಕೋಣೆಗಳು ಕಾಣುತ್ತವೆ. ಮೊದಲ ಹಡಗಿನಲ್ಲಿ ಮೂವರಿದ್ದಾರೆ. ಹಿಂದಿನಿಂದ ಶತ್ರುಪಡೆ ಅಟ್ಟಿಸಿಕೊಂಡು ಬರುತ್ತಿದೆ; ಎಂಟು ವಲಯ ದಾಟಬೇಕು.

ಒಂದು ಗುಂಡು ಬಂದು ಆಮ್ಲಜನಕದ ಕೋಣೆಗೆ ಬಡಿಯುತ್ತದೆ, ಬೆಂಕಿ ಹತ್ತುತ್ತದೆ. ಯಾರನ್ನಾದರೂ ಒಳಗೆ ಕಳಿಸಿದರೆ ಬೆಂಕಿ ಆರಿಸುತ್ತಾರೆ, ಸುಟ್ಟುಕೊಳ್ಳುತ್ತಾರೆ, ಸಾಯಲೂಬಹುದು. ಹೊರಬಾಗಿಲು ತೆರೆದರೆ ಗಾಳಿ ಶೂನ್ಯಕ್ಕೆ ಹೋಗಿ ಬೆಂಕಿ ತಾನೇ ಆರುತ್ತದೆ. ಆದರೆ ಆಮ್ಲಜನಕದ ಯಂತ್ರ ಕೆಟ್ಟಿರುವುದರಿಂದ ಹೋದ ಗಾಳಿ ವಾಪಸು ಬರುವುದಿಲ್ಲ, ಯಂತ್ರ ಸರಿಮಾಡಲು ಯಾರಾದರೂ ಆ ಗಾಳಿಯಿಲ್ಲದ ಕೋಣೆಗೇ ಹೋಗಬೇಕು. ಚುಕ್ಕಾಣಿ ಹಿಡಿದವರನ್ನು ಕಳಿಸಿದರೆ ಹಡಗು ಗುಂಡು ತಪ್ಪಿಸಿಕೊಳ್ಳಲಾರದು. ಗುಂಡಿ ಒತ್ತಿ ಆಟ ನಿಲ್ಲಿಸಿಟ್ಟು ಎಷ್ಟು ಹೊತ್ತು ಬೇಕಾದರೂ ಯೋಚಿಸಬಹುದು. ಯೋಚಿಸಿದಷ್ಟೂ ಸರಿ ಉತ್ತರವೆಂಬುದು ಇಲ್ಲವೆಂದು ತಿಳಿಯುತ್ತದೆ. ಯಾವ ನಷ್ಟ ತಾಳಬಲ್ಲೆ ಎಂಬುದಷ್ಟೇ ಪ್ರಶ್ನೆ. ಸತ್ತರೆ ಉಳಿಸಿಟ್ಟ ಹಳೆಯ ಆಟಕ್ಕೆ ಮರಳುವಂತಿಲ್ಲ, ಮೊದಲಿನಿಂದ ಶುರು. ಅವೇ ಎಂಟು ವಲಯ ಮತ್ತೆ ಮತ್ತೆ. ಆದರೂ ಬೇಸರವಿಲ್ಲ, ಯಾಕೆಂದರೆ ಪ್ರತಿ ಸಲವೂ ನೀವು ಮಾಡಿದ್ದರ ಫಲ ಹಡಗಿನ ಗೋಡೆಗಳ ಮೇಲೆ, ಬದುಕುಳಿದವರ ಲೆಕ್ಕದಲ್ಲಿ ಕಾಣುತ್ತಿರುತ್ತದೆ.

2019ರ 'ಔಟರ್ ವೈಲ್ಡ್ಸ್' ಇನ್ನೂ ಮುಂದೆ ಹೋಯಿತು. 22 ನಿಮಿಷಕ್ಕೊಮ್ಮೆ ಸೂರ್ಯ ಸಿಡಿದು ಎಲ್ಲ ಮುಗಿಯುತ್ತದೆ, ನೀವು ಮತ್ತೆ ಶುರುವಿನಲ್ಲಿ ಎಚ್ಚರಗೊಳ್ಳುತ್ತೀರಿ. ಕೊಂಡು ತರಲು ಹಣವಿಲ್ಲ, ಹೊಸ ಹಡಗಿಲ್ಲ. ಉಳಿಯುವುದು ಕಳೆದ ಸುತ್ತಿನಲ್ಲಿ ಕಲಿತದ್ದು ಮಾತ್ರ. ಪುನರಾವರ್ತನೆಯೇ ಇಲ್ಲಿ ಪಾಠಶಾಲೆ. ಶಿಕ್ಷಕಿಯಾಗಿ ಈ ಆಟದ ಮೇಲೆ ನನಗೆ ವಿಶೇಷ ಪ್ರೀತಿ.

ನಿಜವಾದ ಆಕಾಶದಲ್ಲೂ ಹೀಗೇ ಅಲ್ಲವೇ? 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ಲ್ಯಾಂಡರ್ ವಿಕ್ರಮ್ ಚಂದ್ರನಿಗೆ ಅಪ್ಪಳಿಸಿತು. ನಾಲ್ಕು ವರ್ಷದ ನಂತರ ಇಸ್ರೋ ಅದೇ ಕೆಲಸಕ್ಕೆ ಮತ್ತೆ ಹೊರಟಾಗ ಇಳಿಯುವ ಜಾಗವನ್ನು 500 ಮೀಟರ್ ಚೌಕದಿಂದ 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿತ್ತು. ಕಾಲುಗಳನ್ನು ಗಟ್ಟಿಮಾಡಿತ್ತು, ಇಂಧನ ಹೆಚ್ಚಿಸಿತ್ತು, ನಡುವಿನ ಐದನೆಯ ಎಂಜಿನ್ ತೆಗೆದುಹಾಕಿತ್ತು. ಮೊದಲ ಸೋಲಿನ ಒಂದೊಂದು ಕಾರಣಕ್ಕೂ ಎರಡನೆಯ ನೌಕೆಯಲ್ಲಿ ಉತ್ತರವಿತ್ತು.

ಅಪ್ಪ ಅಮ್ಮಂದಿರಿಗೆ ಎರಡು ಮಾತು. ಆಟ ಕೊಳ್ಳುವ ಮೊದಲು ಅದರಲ್ಲಿ ಎಷ್ಟು ಗ್ರಹವಿದೆ ಎಂದು ನೋಡಬೇಡಿ. ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸು ಸಿಗುತ್ತದೆ. ಆದರೆ ಈ ಬೇಸರ ಎರಡು ಗಂಟೆಯಲ್ಲಿ ತಲೆಯೆತ್ತುವುದಿಲ್ಲ. ಹಾಗಾಗಿ ಯೂಟ್ಯೂಬಿನಲ್ಲಿ ಯಾರಾದರೂ ಆಟದ ನಡುಭಾಗ ಆಡುವುದನ್ನು ಮಗುವಿನ ಜೊತೆ ಕುಳಿತು ನೋಡಿ. "ಈ ಕೆಲಸ ಮಾಡದೆ ಬಿಟ್ಟರೆ ಏನಾಗುತ್ತದೆ?" ಎಂದು ಕೇಳಿ. "ಏನೂ ಆಗುವುದಿಲ್ಲ" ಎಂದು ಮಗು ಹೇಳಿದರೆ ಆ ಆಟಕ್ಕೆ ಅಷ್ಟು ದುಡ್ಡು ಬೇಡ.

ಕಂಪ್ಯೂಟರ್ ಕಲಿಯುತ್ತಿರುವ ನಮ್ಮೂರಿನ ಮಕ್ಕಳಿಗೂ ಒಂದು ಮಾತಿದೆ. ಆಟ ಮಾಡುವ ಕೆಲಸ ದೂರದೇಶದ್ದು ಎಂದುಕೊಳ್ಳಬೇಡಿ. 'ಸ್ಟಾರ್ ಶೆಫ್' ಎಂಬ ಅಡುಗೆಯ ಆಟವನ್ನು ಲೋಕಕ್ಕೆಲ್ಲ ಕೊಟ್ಟ 99ಗೇಮ್ಸ್ ಇರುವುದು ಉಡುಪಿಯಲ್ಲಿ. ನಿಮ್ಮ ಮೊದಲ ಬಾಹ್ಯಾಕಾಶದ ಆಟಕ್ಕೆ ಒಂದು ಹಡಗು, ನಾಲ್ಕು ಜನ, ಐದು ನಿಲ್ದಾಣ ಸಾಕು. ಆ ನಾಲ್ವರಲ್ಲಿ ಯಾರಿಗೆ ಏನು ಮಾಡಿದಿರಿ ಎಂಬುದು ಐದನೆಯ ನಿಲ್ದಾಣದವರೆಗೂ ಅವರಿಗೆ ನೆನಪಿರಲಿ. ಮಾಡಿ ಮುಗಿಸಿದ ಮೇಲೆ ಆಟವೆಂದರೇನೆಂದು ಗೊತ್ತಿಲ್ಲದ ಮನೆಯ ಹಿರಿಯರೊಬ್ಬರ ಕೈಗೆ ಕೊಡಿ. ಅವರು ಎಲ್ಲೆಲ್ಲಿ "ಯಾಕೆ ಹೀಗೆ ಮಾಡಬಾರದು?" ಎಂದು ಕೇಳುತ್ತಾರೋ ಬರೆದಿಟ್ಟುಕೊಂಡು, ಅಲ್ಲಲ್ಲಿಗೆ ಒಂದೊಂದು ದಾರಿ ತೆರೆಯಿರಿ.